ಇಪ್ಪತ್ತೆಂಟು ಚೌಕದ ಖಾಲಿ ಸ್ಟೂಲು

ನಡುವೆ ಏನಿತ್ತು ಎಂದು ನಾನು ನೋಡಲಿಲ್ಲ. ಬೆಳಗಿನಿಂದ ರಾತ್ರಿಯವರೆಗಿನ ನನ್ನ ತಮ್ಮನ ದಿನದಲ್ಲಿ ಇಪ್ಪತ್ತೆಂಟು ಕ್ಷಣಗಳನ್ನು ಮಾತ್ರ ಹೆಕ್ಕಿ ತೆಗೆದು, ಉಳಿದದ್ದರ ಕಡೆ ಕಣ್ಣು ಹಾಯಿಸದೆ, ಅವನು ಸೋಮಾರಿ ಎಂದು ತೀರ್ಮಾನ ಮಾಡಿದೆ. ನೋಡಲು ಸಿಗಲಿಲ್ಲ ಎಂದು ಹೇಳುವಂತಿಲ್ಲ. ಇಡೀ ವಿಡಿಯೊ ನನ್ನ ಕೈಯಲ್ಲೇ ಇತ್ತು. ನೋಡುವ ಬದಲು ಆ ಇಪ್ಪತ್ತೆಂಟು ಚಿತ್ರಗಳನ್ನು ಒಂದೇ ಹಾಳೆಗೆ ಜೋಡಿಸಿ ಪ್ರಿಂಟ್ ತೆಗೆಸಿದೆ. ನೀರು ಬಿದ್ದರೆ ಹಾಳಾದೀತೆಂದು ಲ್ಯಾಮಿನೇಷನ್ ಬೇರೆ ಮಾಡಿಸಿದೆ.

ನಾನು ಓದಿದ್ದು ಏಳನೇ ಕ್ಲಾಸು. ಮದುವೆಯಾಗಿ ಹಾಸನಕ್ಕೆ ಬಂದ ಮೇಲೆ ಒಂದು ಫೋಟೊ ಸ್ಟುಡಿಯೊದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದೆ. ಗುಡಿಸುತ್ತ ಗುಡಿಸುತ್ತ ಆಲ್ಬಮ್ಮಿಗೆ ಫೋಟೊ ಅಂಟಿಸುವುದು ಕಲಿತೆ, ಆಮೇಲೆ ಮದುವೆ ವಿಡಿಯೊ ಮಿಕ್ಸಿಂಗಿಗೆ ಕೂತೆ. ಕಂಪ್ಯೂಟರಿನಲ್ಲಿ ನನಗೆ ಬರುವ ವಿದ್ಯೆಗಳಲ್ಲಿ ಬಹಳ ದೊಡ್ಡದು ಎಂದರೆ ಕಪ್ಪು ಸ್ಕ್ರೀನಿನದು. ಆ ಸ್ಕ್ರೀನಿನಲ್ಲಿ ಒತ್ತಲು ಒಂದು ಗುಂಡಿ ಇರುವುದಿಲ್ಲ, ನೋಡಲು ಒಂದು ಚಿತ್ರ ಇರುವುದಿಲ್ಲ. ಒಂದು ಸಾಲು ಇಂಗ್ಲಿಷನ್ನು ತಪ್ಪಿಲ್ಲದೆ ಟೈಪ್ ಮಾಡಿ ಎಂಟರ್ ಒತ್ತಬೇಕು. ಒಂದು ಚುಕ್ಕಿ ಆಚೀಚೆಯಾದರೂ ಅದು ಪುಟಗಟ್ಟಲೆ ಬೈಯುತ್ತದೆ. ಇಂಗ್ಲಿಷಿನಲ್ಲಿ ಬೈಯುವುದರಿಂದ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಓನರು ಅದನ್ನು ಹೇಳಿಕೊಟ್ಟದ್ದು ಹೀಗೆ: "ಮನೆ ನೆಲಕ್ಕೆ ಟೈಲ್ಸ್ ಹಾಕ್ದಂಗೆ ಕಣಮ್ಮ ಇದು. ವಿಡಿಯೊದಿಂದ ಎಷ್ಟೊತ್ತಿಗೊಂದು ಚಿತ್ರ ಕೀಳ್ಬೇಕು ಅನ್ನೋದು ಇಲ್ಲಿ. ಚಿತ್ರ ಎಷ್ಟಗಲ ಇರ್ಬೇಕು ಅನ್ನೋದು ಇಲ್ಲಿ. ಅಡ್ಡಕ್ಕೆಷ್ಟು, ಕೆಳಕ್ಕೆಷ್ಟು ಅನ್ನೋದು ಇಲ್ಲಿ. ಈ ಮೂರು ಕಡೆ ನಂಬರ್ ಬದ್ಲಾಯಿಸು, ಮಿಕ್ಕಿದ್ದು ಮುಟ್ಬೇಡ. ಮುಟ್ಟಿದ್ರೆ ನಂಗೂ ಸರಿಮಾಡಕ್ಕೆ ಬರಲ್ಲ."

ಮದುವೆಯ ನಾಲ್ಕು ಗಂಟೆಯ ವಿಡಿಯೊವನ್ನು ಕೂತು ನೋಡುವ ತಾಳ್ಮೆ ಮದುವೆಯಾದವರಿಗೂ ಇರುವುದಿಲ್ಲ. ಅದಕ್ಕೆ ನಾವು ಅರ್ಧ ನಿಮಿಷಕ್ಕೊಂದು ಚಿತ್ರ ಕಿತ್ತು, ಚೌಕ ಚೌಕವಾಗಿ ಹಾಳೆಗೆ ಜೋಡಿಸಿ ಕೊಡುತ್ತಿದ್ದೆವು. ಮನೆಯವರು ಬೆರಳಿಟ್ಟು, ಇದಿರಲಿ, ಇದು ಬೇಡ, ಇವರ್ಯಾರು, ಯಾರ ಕಡೆಯವರು ಎಂದು ಹೇಳಿಬಿಡುತ್ತಿದ್ದರು. ಒಂದು ಸಲ ಹೆಣ್ಣಿನ ಕಡೆಯ ದೊಡ್ಡಪ್ಪನೊಬ್ಬರು ಹಾಳೆ ಹಿಡಿದುಕೊಂಡು ಜಗಳಕ್ಕೇ ಬಂದರು. ಅವರು ಕಂಡ ಚೌಕಗಳಲ್ಲೆಲ್ಲ ಬಾಯಿಗೆ ಏನಾದರೊಂದು ಹೋಗುತ್ತಿತ್ತು.

"ನಾನೇನು ಮದ್ವೆಗೆ ಬಂದಿದ್ನೋ ಉಣ್ಣಕ್ಕೇ ಬಂದಿದ್ನೋ? ಧಾರೆ ಎರ್ಸಿದ್ದು ನಾನು ಕಣ್ರೀ" ಎಂದರು.

"ಕಂಪ್ಯೂಟ್ರು ಕಿತ್ತಾಗೆಲ್ಲ ನೀವು ಉಣ್ತಿದ್ರಿ ಸಾ. ನಾವೇನ್ ಮಾಡನ" ಎಂದರು ಓನರು.

ಅವರು ಹೋದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ದೊಡ್ಡಪ್ಪನವರ ಮಾತನ್ನು ನಗದೆ ಕೇಳಿಸಿಕೊಂಡಿದ್ದರೆ ಈ ಬರಹಕ್ಕೆ ಕೆಲಸವೇ ಇರುತ್ತಿರಲಿಲ್ಲ.

ನನ್ನ ತವರು ಹೊಳೆನರಸೀಪುರ. ಅಲ್ಲಿ ಬಸ್ ಸ್ಟ್ಯಾಂಡಿನ ಗೋಡೆಗೆ ಒರಗಿಕೊಂಡ ಹಾಗೆ ಅವ್ವನ ಹೆಸರಿನಲ್ಲಿ ಒಂದು ಪೆಟ್ಟಿಗೆ ಅಂಗಡಿ ಇದೆ. ಬಾಳೆಹಣ್ಣು, ಬಿಸ್ಕತ್ತು, ನೀರಿನ ಬಾಟಲಿ, ಕಡ್ಲೆಕಾಯಿ, ಕಾಲಕ್ಕೆ ತಕ್ಕಂತೆ ಸೌತೆಕಾಯಿ. ನಡೆಸುತ್ತಿದ್ದವನು ನನ್ನ ಒಬ್ಬನೇ ತಮ್ಮ. ಅವನ ಅನ್ನ, ಅವ್ವನ ಮಾತ್ರೆ, ಎರಡೂ ಆ ಪೆಟ್ಟಿಗೆಯಿಂದಲೇ ಬರಬೇಕು. ಇತ್ತ ಹಾಸನದಲ್ಲಿ ನಮ್ಮ ಯಜಮಾನರು ಕೆಲಸ ಬಿಟ್ಟು ಕೂತಿದ್ದರು. ಅವರು ಅರಕಲಗೂಡಿನವರು, ಮರ್ಯಾದೆಯ ಮನುಷ್ಯ. ಎಲ್ಲಿ ಕೆಲಸಕ್ಕೆ ಸೇರಿದರೂ ಯಾರಾದರೊಬ್ಬರು ಅವರಿಗೆ ಕೆಲಸ ಹೇಳಿಬಿಡುತ್ತಿದ್ದರು. ಅದನ್ನು ಅವರು ಸಹಿಸುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಅವ್ವ ಫೋನಿನಲ್ಲಿ ಮಾತಿಗೆ ಮಾತು ಬಂದು, "ಊಟ ತಕ್ಕೊಂಡ್ ಓದ್ರೆ ಇವ್ನು ಅಂಗ್ಡೀಲೇ ಇರಲ್ಲ ಕಣವ್ವ. ಎಲ್ಲೋಯ್ತನೋ ಏನೋ" ಎಂದಳು. ಅವಳು ಹೇಳಿ ಮರೆತಳು, ನಾನು ಮರೆಯಲಿಲ್ಲ. ಅಂಗಡಿಯಲ್ಲಿ ಕೂರಲು ಒಬ್ಬ ಮನುಷ್ಯ ಬೇಕು, ನಮ್ಮ ಮನೆಯಲ್ಲಿ ಕೂತೇ ಇರುವ ಒಬ್ಬ ಮನುಷ್ಯರಿದ್ದಾರೆ ಎಂಬ ಯೋಚನೆ ನನ್ನ ತಲೆಗೆ ಬಂದದ್ದು ಆಗ. ಇದನ್ನು ಯಾರಿಗೂ ಹೇಳಲಿಲ್ಲ. ಅಂಗಡಿಗೆ ಕಳ್ಳಕಾಕರ ಭಯ ಎಂದು ಹೇಳಿ, ಸ್ಟುಡಿಯೊದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಸಿಸಿ ಕ್ಯಾಮೆರಾವೊಂದನ್ನು ಓನರ ಹತ್ತಿರ ಕೇಳಿಕೊಂಡು ಹೋದೆ.

ಅದಕ್ಕೆ ಮೊಳೆ ಹೊಡೆದವನು ನನ್ನ ತಮ್ಮನೇ. ಸ್ಟೂಲಿನ ಮೇಲೆ ಹತ್ತಿ, ಬಾಯಲ್ಲಿ ಇನ್ನೊಂದು ಮೊಳೆ ಕಚ್ಚಿಕೊಂಡು ಕೇಳಿದ:

"ನನ್ ಮಖ ಸರಿಯಾಗ್ ಬತ್ತದಾ ಅಕ್ಕ ಇದ್ರಾಗೆ?"

"ಬತ್ತದೆ, ಇಳಿಯೊ."

"ನೀನು ದಿನಾ ನೋಡ್ತೀಯಾ?"

"ನೋಡ್ತೀನಿ."

"ಅಂಗಾರೆ ದಿನಾ ತಲೆ ಬಾಚ್ಕಂಡ್ ಬತ್ತೀನಿ ಬುಡು" ಎಂದ.

ವಾರ ಕಳೆದು ಕ್ಯಾಮೆರಾದ ಕಾರ್ಡು ತಂದು ಸ್ಟುಡಿಯೊ ಕಂಪ್ಯೂಟರಿಗೆ ಹಾಕಿದೆ. ಒಂದು ದಿನದ ವಿಡಿಯೊ ತೆಗೆದುಕೊಂಡೆ. ಅಷ್ಟುದ್ದದ್ದನ್ನು ಯಾರು ನೋಡುತ್ತಾರೆ? ಕಪ್ಪು ಸ್ಕ್ರೀನು ತೆರೆದೆ. ಅರ್ಧ ಗಂಟೆಗೊಂದು ಚಿತ್ರ, ಅಡ್ಡಕ್ಕೆ ಏಳು, ಕೆಳಕ್ಕೆ ನಾಲ್ಕು. ಎಂಟರ್ ಒತ್ತಿದೆ. ಆವತ್ತು ಅದು ಒಂದು ಮಾತೂ ಬೈಯಲಿಲ್ಲ.

ಇಪ್ಪತ್ತೆಂಟು ಚೌಕ. ಇಪ್ಪತ್ತೆಂಟರಲ್ಲೂ ಸ್ಟೂಲು ಖಾಲಿ.

ಮೊದಲು ನನಗೇ ನಂಬಿಕೆಯಾಗಲಿಲ್ಲ. ಎದ್ದು ಹೋಗುವವನಾದರೂ ಒಂದು ಚೌಕದಲ್ಲಾದರೂ ಕೂತಿರಬೇಕಲ್ಲ. ಒಂದರಲ್ಲಿ ಬಾಳೆಗೊನೆ, ಸ್ಟೂಲು. ಇನ್ನೊಂದರಲ್ಲಿ ಬಾಳೆಗೊನೆ, ಸ್ಟೂಲು, ಒಂದು ಹಸು. ಮುಂದಿನದರಲ್ಲಿ ಹಸು ಇಲ್ಲ, ಗೊನೆಯಲ್ಲಿ ಒಂದು ಚಿಪ್ಪು ಹಣ್ಣೂ ಇಲ್ಲ. ಮದುವೆಯ ಹಾಳೆಗಳಲ್ಲಿ ಮದುಮಗಳು ಕಣ್ಣು ಮುಚ್ಚಿರುವುದನ್ನು ಎಷ್ಟೋ ನೋಡಿದ್ದೆ. ಮದುಮಗಳೇ ಇಲ್ಲದ ಹಾಳೆ ನೋಡಿದ್ದು ಇದೇ ಮೊದಲು.

ಆಗ ನನಗೆ ಬೇಜಾರಾಗಬೇಕಿತ್ತು. ನಿಜ ಹೇಳುವುದಾದರೆ ಖುಷಿಯಾಯಿತು. ಅದಕ್ಕೇ ಲ್ಯಾಮಿನೇಷನ್ನು.

ಭಾನುವಾರ ಯಜಮಾನರನ್ನು ಕರೆದುಕೊಂಡು ತವರಿಗೆ ಹೋದೆ. ಅವ್ವ ಕೋಳಿ ಸಾರು ಮಾಡಿದ್ದಳು. ಎಲ್ಲರೂ ಉಂಡು ಕೈ ತೊಳೆದ ಮೇಲೆ ಹಾಳೆಯನ್ನು ಚೀಲದಿಂದ ತೆಗೆದು ಚಾಪೆಯ ಮೇಲಿಟ್ಟೆ. ಅವ್ವ ಕನ್ನಡಕ ಹಾಕಿಕೊಂಡು ಬಗ್ಗಿದಳು.

"ಇದ್ಯಾವ್ ಊರ ಅಂಗ್ಡಿಯೆ?"

"ನಮ್ದೇ ಕಣವ್ವ. ನಿನ್ನ ಮಗ ಎಲ್ಲವ್ನೆ ಉಡ್ಕು ನೋಡನ."

ಅವ್ವ ಮೊದಲ ಚೌಕದಿಂದ ಕೊನೆಯ ಚೌಕದವರೆಗೆ ಬೆರಳಿಟ್ಟು ಹುಡುಕಿದಳು. ಹಸು ಸಿಕ್ಕಿತು. ಮಗ ಸಿಗಲಿಲ್ಲ.

ತಮ್ಮನೂ ಬಗ್ಗಿ ನೋಡಿದ. ಅವನ ತಲೆ ನೀಟಾಗಿ ಬಾಚಿತ್ತು.

"ಬಸ್ಸಿಗೆ ಓಗಿದ್ದೆ ಕಣಕ್ಕ" ಎಂದ.

"ಯಾವ ಚಿತ್ರದಲ್ಲಿ?"

"ಎಲ್ಲಾದ್ರಾಗೂ."

"ಇಪ್ಪತ್ತೆಂಟು ಸಲ ಬಸ್ಸಿಗೆ ಓಗಿದ್ಯಾ?"

"ಇಪ್ಪತ್ತೆಂಟು ಬಸ್ಸು ಬತ್ತವಲ್ಲ."

ಯಜಮಾನರು ನಕ್ಕರು. ಅವರು ನಕ್ಕದ್ದು ನೋಡಿ ನಾನೂ ನಕ್ಕೆ. ನಾವಿಬ್ಬರೂ ನಕ್ಕದ್ದು ನೋಡಿ, ಏನೆಂದು ತಿಳಿಯದ ಅವ್ವನೂ ನಕ್ಕಳು. ಅವನು ಹೇಳಿದ್ದು ಪೂರ್ತಿ ನಿಜ ಎಂದು ಆಗ ಆ ಮನೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ.

"ಕಂಡಕ್ಟ್ರಾಗಿದ್ದೀಯಾ ಏನಪ್ಪಾ, ನಮ್ಗೊಂದ್ ಮಾತು ಏಳ್ದೆ?" ಎಂದರು ಯಜಮಾನರು.

ತಮ್ಮ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ಹಾಳೆಯ ಮೇಲಿಟ್ಟ, ಹಸು ಇದ್ದ ಚೌಕದ ಮೇಲೆ. "ನೀವೇ ಕೂತ್ಕಳಿ ಭಾವ. ನಾನು ಮಾವನ ತಾವ ಓಯ್ತೀನಿ" ಎಂದು ಎದ್ದ. ನಮ್ಮ ಸೋದರಮಾವ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟುಕೊಂಡಿದ್ದಾರೆ. ಅಲ್ಲಿ ಕಾಯಿ ಸುಲಿಯುವ ಕೆಲಸಕ್ಕೆ ಜನ ಯಾವಾಗಲೂ ಬೇಕು.

ನಮ್ಮ ಯಜಮಾನರು ಅಂಗಡಿಗೆ ಕೂತರು. ಎಂಥ ಕೂರುವಿಕೆ ಎಂದರೆ, ಮುಂದಿನ ವಾರ ಕಾರ್ಡು ತರಿಸಿ ಅದೇ ನಂಬರುಗಳನ್ನು ಹಾಕಿ ಹಾಳೆ ತೆಗೆದಾಗ ಇಪ್ಪತ್ತೆಂಟು ಚೌಕಗಳಲ್ಲಿ ಇಪ್ಪತ್ತೆಂಟು ಯಜಮಾನರು. ಒಂದೇ ಭಂಗಿ, ಒಂದೇ ಕಡೆ ನೋಟ, ತೊಡೆಯ ಮೇಲೆ ಎರಡು ಕೈ. ಒಂದೇ ಚಿತ್ರ ಇಪ್ಪತ್ತೆಂಟು ಸಲ ಬಂದಿದೆಯೋ ಏನೋ ಎಂದು ಓನರಿಗೇ ಅನುಮಾನ ಬಂತು. ಬಿಸಿಲು ಎಡದಿಂದ ಬಲಕ್ಕೆ ಸರಿದದ್ದನ್ನು ತೋರಿಸಿ ನಂಬಿಸಿದೆ. ಇದಕ್ಕೂ ಲ್ಯಾಮಿನೇಷನ್ ಮಾಡಿಸಿ ಮನೆಯ ಗೋಡೆಗೆ ನೇತುಹಾಕಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅಷ್ಟು ಹೊತ್ತು ಕೆಲಸದಲ್ಲಿದ್ದದ್ದಕ್ಕೆ ಅದೊಂದೇ ಸಾಕ್ಷಿ.

ಒಂದು ಮಾತ್ರ ನನ್ನ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಬೆಳಗಿನ ಚೌಕದಲ್ಲಿದ್ದ ಬಾಳೆಗೊನೆ ರಾತ್ರಿಯ ಚೌಕದಲ್ಲೂ ಹಾಗೇ ಇತ್ತು.

ಅವ್ವ ಫೋನ್ ಮಾಡಿದಳು. "ಅಳೀಮಯ್ಯ ಬೋ ಚೆನ್ನಾಗಿ ಕುಂತವ್ರೆ ಕಣವ್ವ. ಗುಡೀಲಿ ದೇವ್ರು ಕುಂತಂಗೆ. ಎದ್ದೇಳದೇ ಇಲ್ಲ."

"ನೋಡ್ದಾ ಮತ್ತೆ?"

"ಊಂ. ಯಾಪಾರಾನೂ ಎದ್ದಿಲ್ಲ. ಸೌತೆಕಾಯ್ನ ಎಮ್ಮೆಗಾಕ್ದೆ. ನನ್ನ ಬೀಪಿ ಮಾತ್ರೆ ಮುಗ್ದು ಎಲ್ಡ್ ದಿನ ಆಯ್ತು."

ಮಾತ್ರೆ ಕೊಂಡು ಮಾರನೆಯ ದಿನವೇ ಹೊರಟೆ. ಅಂಗಡಿಯ ಪಕ್ಕದಲ್ಲಿ ಹೂವು ಮಾರುವ ಒಬ್ಬ ಅಜ್ಜಿ ಕೂರುತ್ತಾಳೆ. ನಾನು ಲಂಗ ಉಡುತ್ತಿದ್ದ ಕಾಲದಿಂದ ಅಲ್ಲೇ ಕೂತಿದ್ದಾಳೆ. ಕ್ಯಾಮೆರಾದ ಚೌಕಕ್ಕೆ ಒಂದು ಮೊಳ ಆಚೆಗೆ ಅವಳ ಬುಟ್ಟಿ. ನನ್ನನ್ನು ಕಂಡವಳೇ ಹೂವು ಕಟ್ಟುವುದು ನಿಲ್ಲಿಸದೆ ಮಾತು ತೆಗೆದಳು.

"ಬಾರವ್ವ, ಬಾ. ನಿನ್ ಗಂಡನ್ನ ಇಲ್ಲಿ ಪ್ರತಿಷ್ಠೆ ಮಾಡಿ ಓದ್ಯಲ್ಲ, ಪೂಜೆಗೆ ದಿನಾ ಒಂದ್ ಮಾರ್ ಹೂವ ಕೊಡ್ಲಾ?"

"ಏನಾಯ್ತಜ್ಜಿ?"

"ಏನೂ ಆಗಿಲ್ಲ. ಅದೇ ಆಗಿರದು. ಕುಂತ್ಕೊ, ಅಗಾ ಬಸ್ಸು ಬಂತು, ನೋಡು."

ಹಾಸನದ ಕಡೆ ಹೋಗುವ ಬಸ್ಸು ಬಂದು ನಿಂತಿತು. ಕಿಟಕಿಗಳಿಂದ ತಲೆಗಳು ಹೊರಗೆ ಬಂದವು. "ಸೌತೆಕಾಯಿ ಉಡ್ಗ ಎಲ್ಲಿ?" ಎಂದು ಒಬ್ಬ ಹೆಂಗಸು ಕೇಳಿದಳು. "ನೀರು, ನೀರು" ಎಂದು ಯಾರೋ ದುಡ್ಡು ಹಿಡಿದ ಕೈ ಚಾಚಿದರು. ಕಂಡಕ್ಟರು ಕೆಳಗಿಳಿದು ಅಜ್ಜಿಯನ್ನು ಕೇಳಿದ: "ಏನಜ್ಜಿ, ನಮ್ ಉಡ್ಗ ಇನ್ನೂ ಬಂದಿಲ್ವಾ? ಪ್ಯಾಸೆಂಜರ್ರೆಲ್ಲ ನನ್ನ ತಾವ ಕಡ್ಲೆಕಾಯಿ ಕೇಳ್ತರೆ." ಯಾರೂ ಇಳಿದು ಅಂಗಡಿಗೆ ಬರಲಿಲ್ಲ. ಇಳಿದರೆ ಸೀಟು ಹೋಗುತ್ತದೆ. ಬಸ್ಸು ನಿಂತಷ್ಟು ಹೊತ್ತೂ ನಿಂತು, ಚಾಚಿದ ಕೈಗಳನ್ನು ಒಳಗೆಳೆದುಕೊಂಡು ಹೋಯಿತು. ನಮ್ಮ ಯಜಮಾನರು ಅದನ್ನು ಪೂರ್ತಿ ನೋಡಿದರು, ತೊಡೆಯ ಮೇಲೆ ಕೈ ಇಟ್ಟುಕೊಂಡು.

"ನಿಮ್ಗೆ ಎದ್ದು ಬಸ್ಸಿನ ತಾವ ಓಗಕ್ಕೆ ಆಗಲ್ವಾ?" ಎಂದೆ.

ಅವರು ಕತ್ತು ತಿರುಗಿಸದೆ, ತುಟಿ ಮಾತ್ರ ಅಲುಗಿಸಿ, ಕ್ಯಾಮೆರಾದ ಕಡೆ ಕಣ್ಣು ಮಾಡಿ ಹೇಳಿದರು: "ಏಳದೆಂಗೆ? ನೀನು ಅರ್ಧ ಗಂಟೆಗೊಂದು ಕೀಳ್ತೀಯಾ. ಯಾವಾಗ ಕೀಳ್ತೀಯೋ ನಂಗೇನ್ ಗೊತ್ತು? ಎದ್ದಾಗ್ಲೇ ಕಿತ್ಬುಟ್ರೆ, ನಿಮ್ಮವ್ವನ ಮುಂದೆ ಚಾಪೆ ಮೇಲೆ ಆಕ್ತೀಯಾ. ನನ್ ಮರ್ಯಾದೆ ಏನಾಗ್ಬೇಕು?"

ಅಜ್ಜಿ ನಕ್ಕ ನಗೆಗೆ ಬುಟ್ಟಿಯ ಹೂವು ಚೆಲ್ಲಿತು. ನನಗೆ ನಗು ಬರಲಿಲ್ಲ. ಬಸ್ಸಿಗೆ ಓಗಿದ್ದೆ ಕಣಕ್ಕ ಎಂದು ತಮ್ಮ ಹೇಳಿದ್ದನಲ್ಲ.

ಸ್ಟುಡಿಯೊಗೆ ವಾಪಸು ಬಂದವಳೇ ತಮ್ಮನ ಹಾಳೆಯ ಚಿತ್ರವನ್ನು ತೆರೆದು ಒಂದೊಂದೇ ಚೌಕವನ್ನು ದೊಡ್ಡದು ಮಾಡಿದೆ. ಮೂಲೆಯಲ್ಲಿ ಕ್ಯಾಮೆರಾವೇ ಬರೆದ ಗಂಟೆ ಇತ್ತು. ಆರು ಮೂರು. ಆರು ಮೂವತ್ತಮೂರು. ಏಳು ಮೂರು. ಏಳು ಮೂವತ್ತಮೂರು. ಕೊನೆಯ ತನಕ ಹಾಗೇ. ಅವು ಹಾಸನದ ಬಸ್ಸು ಬಂದು ನಿಲ್ಲುವ ಹೊತ್ತುಗಳು. ನಮ್ಮ ಊರಿನ ಬಸ್ಸುಗಳು ಹುಟ್ಟಿದಾಗಿನಿಂದ ಹೊತ್ತಿಗೆ ಸರಿಯಾಗಿ ಬಂದದ್ದನ್ನು ನಾನು ಕಂಡಿಲ್ಲ. ನನ್ನ ತಮ್ಮನ ಮಾನ ಕಳೆಯಲು ಮಾತ್ರ ಆವತ್ತು ಅಷ್ಟೂ ಬಸ್ಸುಗಳು ಮಾತಾಡಿಕೊಂಡ ಹಾಗೆ ಬಂದಿದ್ದವು.

ಕಪ್ಪು ಸ್ಕ್ರೀನಿನ ಆ ಸಾಲಿನಲ್ಲಿ ಮೊದಲನೆಯ ನಂಬರು ಬದಲಾಯಿಸಿದೆ. ಅದೇ ದಿನದ ವಿಡಿಯೊದಿಂದ ಎರಡು ನಿಮಿಷಕ್ಕೊಂದು ಚಿತ್ರ. ಅಡ್ಡಕ್ಕೆ, ಕೆಳಕ್ಕೆ ಚೌಕಗಳನ್ನು ಹೆಚ್ಚಿಸಿದೆ. ಬಹಳ ಹೊತ್ತು ತೆಗೆದುಕೊಂಡು ಒಂದು ದೊಡ್ಡ ಹಾಳೆ ಬಂತು, ಊರಿನ ಸಂತೆಯನ್ನು ಗುಡ್ಡದ ಮೇಲಿನಿಂದ ನೋಡಿದ ಹಾಗೆ.

ಅದರ ತುಂಬ ನನ್ನ ತಮ್ಮ.

ಸೌತೆಕಾಯಿ ಹೆಚ್ಚುತ್ತಿರುವ ತಮ್ಮ. ಹೆಚ್ಚಿದ್ದಕ್ಕೆ ಉಪ್ಪುಖಾರ ಸವರುತ್ತಿರುವ ತಮ್ಮ. ಕಡ್ಲೆಕಾಯಿಗೆ ಪೇಪರಿನ ಪೊಟ್ಟಣ ಸುತ್ತುತ್ತಿರುವವನು. ತಟ್ಟೆಯನ್ನು ಹೆಗಲಿಗೇರಿಸಿ ಚೌಕದಿಂದ ಅರ್ಧ ಹೊರಗೆ ಓಡಿದವನು, ಖಾಲಿ ತಟ್ಟೆ ತೂಗಾಡಿಸುತ್ತ ಅರ್ಧ ಒಳಗೆ ಬಂದವನು. ಮಧ್ಯಾಹ್ನದ ಅನ್ನವನ್ನು ನಿಂತುಕೊಂಡೇ, ರಸ್ತೆಯ ಕಡೆ ಮುಖ ಮಾಡಿ, ಉಣ್ಣುತ್ತಿರುವವನು. ಚೌಕದ ಅಂಚಿನಲ್ಲಿ ಕಾಣುವ ಅಜ್ಜಿಯ ಮುದಿ ಕೈಗೆ ಟೀ ಲೋಟ ಕೊಡುತ್ತಿರುವವನು. ಹಸುವನ್ನು ಓಡಿಸಿಕೊಂಡು ಹೋದವನು, ಆಮೇಲೆ ಗೊನೆಯ ಗತಿ ನೋಡಿ ತಲೆಯ ಮೇಲೆ ಕೈ ಹೊತ್ತವನು. ಸ್ಟೂಲಿನ ಮೇಲೆ ಅವನು ಕೂತ ಚೌಕಗಳು ಬಹಳ ಇರಲಿಲ್ಲ. ಅಷ್ಟು ಮಟ್ಟಿಗೆ ನನ್ನ ಹಾಳೆ ಸುಳ್ಳು ಹೇಳಿರಲಿಲ್ಲ.

ಸಾಲು ಸಾಲಾಗಿ ನೋಡುತ್ತ ಹೋದವಳು ಒಂದು ಚೌಕದಲ್ಲಿ ನಿಂತೆ. ಅದರಲ್ಲಿ ಅವನು ಕ್ಯಾಮೆರಾವನ್ನೇ ನೋಡುತ್ತಿದ್ದ. ಕೈಯಲ್ಲಿ ಮೊಳದುದ್ದದ ಒಂದು ಎಳೆ ಸೌತೆಕಾಯಿ. ಅದನ್ನು ಮೇಲೆತ್ತಿ, ಹಲ್ಲೆಲ್ಲ ಬಿಟ್ಟು, ಕ್ಯಾಮೆರಾಕ್ಕೆ ತೋರಿಸುತ್ತಿದ್ದ. ತಲೆ ನೀಟಾಗಿ ಬಾಚಿತ್ತು. ನಾನು ದಿನಾ ನೋಡುತ್ತೇನೆ ಎಂದು ಹೇಳಿದ್ದನ್ನು ಅವನು ನಂಬಿದ್ದ.

ಗೋಡೆಯ ಮೇಲಿದ್ದ ಇಪ್ಪತ್ತೆಂಟು ಯಜಮಾನರನ್ನು ಅವತ್ತೇ ಕೆಳಗಿಳಿಸಿದೆ. ಚೌಕಗಳೊಳಗೆ ಕೂತಿದ್ದ ಅವರಿಗೂ ಸ್ವಲ್ಪ ನಿರಾಳವಾದಂತೆ ಕಂಡಿತು.

ಚನ್ನರಾಯಪಟ್ಟಣದ ಮಂಡಿಗೆ ಹೋದಾಗ ತಮ್ಮ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಟ್ಟಿ ಕುಟ್ಟಿ ಸಿಪ್ಪೆ ಸುಲಿಯುತ್ತಿದ್ದ. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಹೋಗಿದ್ದೆ. ಅವನನ್ನು ಕಂಡ ಕೂಡಲೇ ನನ್ನ ಬಾಯಿಂದ ಬಂದದ್ದು, "ಕಾಯಿ ರೇಟು ಎಂಗದೊ?"

"ಪರ್ವಾಗಿಲ್ಲ ಕಣಕ್ಕ. ನೀ ಕೊಂಡ್ಕೊಳಕ್ಕೆ ಬಂದ್ಯಾ?"

"ಇಲ್ಲ. ಅವ್ವ ನಿನ್ನ ಬಾ ಅಂದವ್ಳೆ. ಅಂಗಡಿಗೆ."

"ಭಾವ ಅವ್ರಲ್ಲ."

"ಭಾವ ಅವ್ರೆ. ಯಾಪಾರ ಇಲ್ಲ."

ಅವನು ಇನ್ನೊಂದು ಕಾಯಿ ಎತ್ತಿಕೊಂಡ. "ಕ್ಯಾಮ್ರಾ ಅದ್ಯಾ ಇನ್ನೂವೆ?"

"ಬೇಕಾರೆ ಕಿತ್ತಾಕ್ತೀನಿ."

"ಬ್ಯಾಡ, ಇರ್ಲಿ. ಹಸ ಯಾರ್ದು ಅಂತ ಗೊತ್ತಾಗ್ಬೇಕು" ಎಂದ.

ಒಂದು ಮಾತು ಹೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಹೊಳೆನರಸೀಪುರದವರೆಗೆ ಒಂದೇ ಸೀಟಿನಲ್ಲಿ ಪಕ್ಕ ಪಕ್ಕ ಕೂತು ಬಂದೆವು, ಆಗಲೂ ಹೇಳಲಿಲ್ಲ. ಅವನ ಅಂಗೈ ನೋಡಿದೆ, ಕೊಬ್ಬರಿ ಎಣ್ಣೆ ಹಚ್ಚು ಎಂದೆ. ಹಚ್ಚುತ್ತೇನೆ ಎಂದ. ಚಿಕ್ಕವರ ಮುಂದೆ ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಏನಿದ್ದರೂ ಊಟ ಬಡಿಸುವಾಗ ಇನ್ನೊಂದು ಸೌಟು ಹೆಚ್ಚಿಗೆ ಹಾಕಿ ತೀರಿಸಿಬಿಡುತ್ತೇವೆ.

ಊರಿಗೆ ಬಂದವನೇ ಯಜಮಾನರನ್ನು ಸ್ಟೂಲಿನಿಂದ ಏಳಿಸಿದ. ಹಳೇಕೋಟೆ ಕಡೆಯವರೊಬ್ಬರು ಹೊಸ ಸೌತೆಕಾಯಿ ತಂದುಹಾಕಿದ್ದರು. ಕೂತು ಹೆಚ್ಚತೊಡಗಿದ. ಯಜಮಾನರು ಕಾಲು ಜೋಮು ಹಿಡಿದು, ಅಜ್ಜಿಯ ಹೆಗಲು ಹಿಡಿದುಕೊಂಡು ನಿಂತರು. ನಾನೂ ಅವರೂ ಹಾಸನಕ್ಕೆ ವಾಪಸು ಹೊರಟು ಮೂರೂವರೆಯ ಬಸ್ಸಿಗೆ ಕಾದೆವು. ಬಂತು, ಹತ್ತಿದೆವು. ನನಗೆ ಕಿಟಕಿ ಸಿಕ್ಕಿತು.

ಎಷ್ಟೋ ಸಲ ಹತ್ತಿದ್ದರೂ, ಆ ಬಸ್ಸಿನ ಒಳಗೆ ಕೂತು ನಮ್ಮ ಅಂಗಡಿಯನ್ನು ಕಣ್ಣಿಟ್ಟು ನೋಡಿದ್ದು ನಾನು ಆವತ್ತೇ ಮೊದಲು. ಸ್ಟೂಲು ಖಾಲಿ ಇತ್ತು. ಬಾಳೆಗೊನೆ ಇತ್ತು. ನನ್ನ ಹಾಳೆಯ ಇಪ್ಪತ್ತೆಂಟು ಚೌಕಗಳಲ್ಲಿ ಇದ್ದದ್ದೂ ಇದೇ. ಅವನು ಮಾತ್ರ ನನ್ನ ಕಿಟಕಿಯ ಕೆಳಗೇ ಇದ್ದ, ತಟ್ಟೆಯನ್ನು ತಲೆಯ ಮಟ್ಟಕ್ಕೆ ಎತ್ತಿಕೊಂಡು. "ಸೌತೇಕಾಯ್, ಸೌತೇಕಾಯ್, ಎಳೇ ಸೌತೇಕಾಯ್." ಕಂಡಕ್ಟರು ಅವನ ಬೆನ್ನಿಗೊಂದು ಗುದ್ದಿ, "ಎಲ್ಲಾಳಾಗೋಗಿದ್ಯಲಾ ಇಷ್ಟ್ ದಿನ" ಎಂದ. ಹಿಂದಿನ ಸೀಟಿನ ಹೆಂಗಸು ನನ್ನ ಭುಜದ ಮೇಲಿನಿಂದ ಕೈ ಚಾಚಿ ಎರಡು ಕೊಂಡಳು. ಅವಳಿಗೆ ಕೊಟ್ಟು, ನನ್ನತ್ತ ನೋಡಿ ಕೇಳಿದ, ಬೇರೆ ಪ್ಯಾಸೆಂಜರನ್ನು ಕೇಳುವ ಹಾಗೇ: "ನಿಮ್ಗಮ್ಮ?"

ಡ್ರೈವರು ಗಾಡಿ ಶುರು ಮಾಡಿದ. ಮೆಲ್ಲಗೆ ಹೇಳಿದರೆ ಇನ್ನು ಕೇಳಿಸುವುದಿಲ್ಲ ಎಂದು ಗೊತ್ತಾಯಿತು. ಕಿಟಕಿಯ ಸರಳು ಹಿಡಿದುಕೊಂಡು, ಯಜಮಾನರು ಸೆರಗು ಜಗ್ಗುತ್ತಿದ್ದರೂ ಬಿಡದೆ, ಬಸ್ಸಿಗೆ ಬಸ್ಸೇ ಕೇಳುವ ಹಾಗೆ ಕೂಗಿ ಹೇಳಿದೆ:

"ತಪ್ಪಾಯ್ತು ಕಣ್ಲಾ. ಇಪ್ಪತ್ತೆಂಟು ಬಸ್ಸು ಅಂತ ನೀ ಅಂದಾಗ ನಾನು ನಗಬಾರ್ದಿತ್ತು. ದಿನಾ ನೋಡ್ತೀನಿ ಅಂದ್ಬುಟ್ಟು ನಾನು ನಿನ್ನ ನೋಡ್ನೇ ಇಲ್ಲ ಕಣ್ಲಾ, ನಂದೇ ತಪ್ಪು."